ಬಿಲ್ಲಿಂಗ್ ಕೌಂಟರಿನಲ್ಲಿ ಬಂದ ಲ್ಯಾಬ್ ವರದಿ: 64 ಕಂಪ್ಯೂಟರು, 11 ಪ್ರಿಂಟರು, ಒಂದು ಪವರ್‌ಶೆಲ್ ಸ್ಕ್ರಿಪ್ಟ್

ಸೋಮವಾರ ಬೆಳಗ್ಗೆ ಒಂಬತ್ತೂವರೆ. ಬಿಲ್ಲಿಂಗ್ ಕೌಂಟರಿನ ಮುಂದೆ ಇಪ್ಪತ್ತಕ್ಕೂ ಹೆಚ್ಚು ಜನರ ಸಾಲು. ಪ್ರಿಂಟರಿನಿಂದ ಒಂದು ಹಾಳೆ ಹೊರಬಂತು. ಬಿಲ್ ಬಂತೆಂದುಕೊಂಡ ಕೌಂಟರಿನ ಹುಡುಗ ಹಾಳೆಯ ಮೇಲಿದ್ದ ಹೆಸರನ್ನು ಜೋರಾಗಿ ಕೂಗಿದ. ಅತ್ತೆಯ ಜೊತೆ ನಿಂತಿದ್ದ ಹೆಣ್ಣುಮಗಳೊಬ್ಬಳು ಮುಂದೆ ಬಂದು ಕೈ ಚಾಚಿದಳು. "ಇದು ಬಿಲ್ ಅಲ್ವಲ್ಲ, ಯಾವುದೋ ಟೆಸ್ಟ್ ರಿಪೋರ್ಟು" ಎಂದು ಅವನು ಹಾಳೆ ತಿರುಗಿಸಿ ನೋಡುವಷ್ಟರಲ್ಲಿ ಪಕ್ಕದಲ್ಲಿದ್ದ ಇಬ್ಬರು ಓದಿಯಾಗಿತ್ತು. ಅದು ಗರ್ಭಪರೀಕ್ಷೆಯ ವರದಿ. ಲ್ಯಾಬಿನ ಕಿಟಕಿಯಲ್ಲಿ, ಲಕೋಟೆಯೊಳಗೆ, ಆಕೆಯ ಕೈಗೇ ಸೇರಬೇಕಾಗಿದ್ದ ಕಾಗದ.

ಅದೇ ಹೊತ್ತಿಗೆ ಮೊದಲ ಮಹಡಿಯ ಲ್ಯಾಬಿನಲ್ಲಿ ಎಕ್ಸ್‌ರೇ, ಔಷಧಿ, ಬೆಡ್ ಚಾರ್ಜುಗಳ ಬಿಲ್ಲುಗಳು ಒಂದರ ಮೇಲೊಂದು ಬೀಳುತ್ತಿದ್ದವು.

ಜಿಲ್ಲಾ ಕೇಂದ್ರವೊಂದರಲ್ಲಿರುವ ಸುಮಾರು 120 ಹಾಸಿಗೆಗಳ ಆಸ್ಪತ್ರೆ ಅದು. ಹೆಸರು ಇಲ್ಲಿ ಬೇಡ. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವನು ನಾನು, ಜೊತೆಗೆ ಸಂಜೆ ಪಾಳಿಗೆ ಒಬ್ಬ ಹುಡುಗ. ಮೂರು ಮಹಡಿ, 64 ಕಂಪ್ಯೂಟರು, ನೆಟ್‌ವರ್ಕಿಗೆ ಸೇರಿಸಿದ 11 ಪ್ರಿಂಟರು. 2022ರ ಮಳೆಗಾಲದ ಆ ಸೋಮವಾರದಿಂದ ಆರು ವಾರ ನಾವು ಮಾಡಿದ ಕೆಲಸದ ಪೂರ್ತಿ ವಿವರ ಇಲ್ಲಿದೆ. ಎಲ್ಲ ಕಂಪ್ಯೂಟರಿಗೂ ಸರಿಯಾದ ಪ್ರಿಂಟರು ಜೋಡಿಸಲು ಪವರ್‌ಶೆಲ್ ಎಂಬ ವಿಂಡೋಸಿನ ಆಜ್ಞಾಭಾಷೆಯಲ್ಲಿ ಬರೆದ ಸ್ಕ್ರಿಪ್ಟು ಸುಮಾರು 180 ಸಾಲಿನದು. ಅದರ ಮೊದಲ ರೂಪಕ್ಕೆ ಎರಡು ಸಂಜೆ ಸಾಕಾಯಿತು. ಮಿಕ್ಕ ದಿನಗಳೆಲ್ಲ ಹೋದದ್ದು ಒಂದೊಂದು ಪ್ರಿಂಟರಿನ ವಿಷಯದಲ್ಲೂ ಯಾವುದು ಸರಿ ಎಂದು ತೀರ್ಮಾನಿಸುವುದಕ್ಕೆ. ಇಂಥ ಕೆಲಸಕ್ಕೆ ಕೈಹಾಕುವವರು ಆ ಭಾಗಕ್ಕೇ ಹೆಚ್ಚು ಸಮಯ ಇಟ್ಟುಕೊಳ್ಳಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಆದದ್ದೇನು

ಭಾನುವಾರ ರಾತ್ರಿ ಜೋರು ಮಳೆ, ಕರೆಂಟು ಹೋಯಿತು. ಜನರೇಟರು ಹತ್ತಿಕೊಳ್ಳುವುದರೊಳಗೆ ರೂಟರಿನ ಯುಪಿಎಸ್ ಕೈಕೊಟ್ಟಿತ್ತು. ಯಾವ ಯಂತ್ರಕ್ಕೆ ಯಾವ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಆ ಯಂತ್ರದ ಮನೆ ನಂಬರಿನಂಥದ್ದು) ಕೊಟ್ಟಿದೆ ಎಂಬ ಪಟ್ಟಿಯನ್ನು ನಮ್ಮ ರೂಟರು ತಾತ್ಕಾಲಿಕ ಮೆಮೊರಿಯಲ್ಲಷ್ಟೇ ಇಟ್ಟುಕೊಳ್ಳುತ್ತಿತ್ತು. ಕರೆಂಟಿನ ಜೊತೆಗೆ ಆ ಪಟ್ಟಿಯೂ ಹೋಯಿತು. ಬೆಳಗ್ಗೆ ಪ್ರಿಂಟರುಗಳನ್ನು ಒಂದೊಂದಾಗಿ ಆನ್ ಮಾಡಿದಂತೆ, ಕೇಳಿದ ಕ್ರಮದಲ್ಲೇ ಹೊಸದಾಗಿ ವಿಳಾಸ ಹಂಚಿತು. ಮೂರು ಪ್ರಿಂಟರುಗಳ ವಿಳಾಸ ಅದಲುಬದಲಾಯಿತು. ಬಿಲ್ಲಿಂಗಿನದಾಗಿದ್ದ 192.168.10.104 ಲ್ಯಾಬಿನ ಪ್ರಿಂಟರಿಗೆ ಹೋಗಿತ್ತು, ಲ್ಯಾಬಿನದು ಬಿಲ್ಲಿಂಗಿಗೆ ಬಂದಿತ್ತು.

ಕಂಪ್ಯೂಟರುಗಳಿಗೆ ಇದು ತಿಳಿಯುವ ದಾರಿಯೇ ಇರಲಿಲ್ಲ. ನೆಟ್‌ವರ್ಕ್ ಪ್ರಿಂಟರಿಗೆ ಸಾಮಾನ್ಯವಾಗಿ ಕೆಲಸ ಹೋಗುವುದು 9100ನೇ ಪೋರ್ಟಿನ, ಎಂದರೆ ಆ ವಿಳಾಸದ ಒಂದು ನಂಬರಿನ ಬಾಗಿಲಿನ, ಮೂಲಕ. ಅಲ್ಲಿ ಹೆಸರು ಕೇಳುವುದಿಲ್ಲ, ಗುರುತು ಕೇಳುವುದಿಲ್ಲ. ಆ ವಿಳಾಸದಲ್ಲಿ ಯಾವ ಪ್ರಿಂಟರಿದೆಯೋ ಅದು ಬಂದದ್ದನ್ನು ಬಂದ ಹಾಗೆ ಅಚ್ಚು ಹಾಕುತ್ತದೆ. ಪ್ರಿಂಟರುಗಳು ಬೇರೆ ಬೇರೆ ಮಾದರಿಯವಾಗಿದ್ದರೆ ಹಾಳೆ ತುಂಬ ಕಸದಂಥ ಅಕ್ಷರ ಬಂದು ಕೂಡಲೇ ಗೊತ್ತಾಗುತ್ತಿತ್ತೇನೋ. ಎರಡೂ ಒಂದೇ ಮಾದರಿ, ಒಂದೇ ಡ್ರೈವರು (ಕಂಪ್ಯೂಟರು ಪ್ರಿಂಟರಿನ ಭಾಷೆಯಲ್ಲಿ ಮಾತಾಡಲು ಬೇಕಾದ ತಂತ್ರಾಂಶ). ಹಾಳೆ ಚೊಕ್ಕವಾಗಿಯೇ ಬಂತು.

ಹನ್ನೊಂದು ಗಂಟೆಯೊಳಗೆ ಮೂರೂ ಪ್ರಿಂಟರುಗಳ ಪ್ಯಾನೆಲ್ಲಿನಲ್ಲಿ ಹಳೆಯ ವಿಳಾಸಗಳನ್ನು ಕೈಯಿಂದಲೇ ಹಾಕಿ ಗೊಂದಲ ನಿಲ್ಲಿಸಿದೆ. ಮಧ್ಯಾಹ್ನ ವೈದ್ಯಕೀಯ ಅಧೀಕ್ಷಕರು ಕರೆಸಿದರು. ಬೈಯಲಿಲ್ಲ. "ಆ ಹುಡುಗಿ ಮನೆಗೆ ಹೋಗಿ ಏನು ಅನುಭವಿಸ್ತಾಳೋ ನಮಗೆ ಗೊತ್ತಾಗಲ್ಲ. ಇನ್ನೊಂದು ಸಲ ಹೀಗಾಗದ ಹಾಗೆ ಏನು ಬೇಕೋ ಮಾಡಿ" ಎಂದರು. ಆ ಮಾತು ಆರು ವಾರವೂ ಕಿವಿಯಲ್ಲಿತ್ತು.

ನೋಟ್‌ಬುಕ್ ಹಿಡಿದು ಮೂರು ದಿನ

ಮೊದಲು 64 ಕಂಪ್ಯೂಟರುಗಳ ಮುಂದೂ ಕೂತು, ಯಾವುದರಲ್ಲಿ ಯಾವ ಪ್ರಿಂಟರು ಏನು ಹೆಸರಿನಲ್ಲಿದೆ ಎಂದು ಬರೆದುಕೊಂಡೆ. ಎಂಟು ವರ್ಷದಲ್ಲಿ ನಾಲ್ಕು ಜನ ಬಂದು ಹೋದ ಕೆಲಸ ಅದು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಿಳಿಯದು. ಎರಡನೇ ಮಹಡಿಯ ನರ್ಸಿಂಗ್ ಸ್ಟೇಷನ್ನಿನ ಒಂದೇ ಕಂಪ್ಯೂಟರಿನಲ್ಲಿ ಏಳು ಪ್ರಿಂಟರುಗಳಿದ್ದವು: ಒಂದೇ ಮಾದರಿಯ ಹೆಸರು, ಅದರ ಮುಂದೆ ಕಾಪಿ 1, ಕಾಪಿ 2, ಕಾಪಿ 3. ಅವುಗಳಲ್ಲಿ ಎರಡು, ಗುಜರಿಗೆ ಹಾಕಿ ವರ್ಷವಾಗಿದ್ದ ಪ್ರಿಂಟರಿನವು. ಅಲ್ಲಿದ್ದ ಸಿಸ್ಟರನ್ನು ಕೇಳಿದೆ, "ಯಾವುದಕ್ಕೆ ಪ್ರಿಂಟ್ ಕೊಡ್ತೀರಿ ಸಿಸ್ಟರ್?" ಅವರು ಮಾನಿಟರಿನ ಅಂಚಿಗೆ ಅಂಟಿಸಿದ್ದ ಚೀಟಿ ತೋರಿಸಿದರು. "ಮೇಲಿಂದ ನಾಲ್ಕನೇದು" ಎಂದು ಬರೆದಿತ್ತು.

ಹೊಸ ಪ್ರಿಂಟರು ಸೇರಿಸಿದರೆ ಆ ಪಟ್ಟಿಯ ಕ್ರಮ ಬದಲಾಗುತ್ತದೆ. ರಾತ್ರಿ ಪಾಳಿಗೆ ಹೊಸಬರು ಬಂದರೆ ಆ ಚೀಟಿಯೇ ಅವರಿಗೆ ದಾರಿ. ರೋಗಿಯ ಡಿಸ್ಚಾರ್ಜ್ ಸಮ್ಮರಿ ಬೇರೆ ಮಹಡಿಯಲ್ಲಿ ಬಂದು ಬಿದ್ದು, ಬರಲಿಲ್ಲವೆಂದು ಮೂರು ಸಲ ಪ್ರಿಂಟ್ ಕೊಟ್ಟು, ಊರಿನ ಕೊನೆಯ ಬಸ್ಸು ತಪ್ಪಿಸಿಕೊಂಡು ಆಸ್ಪತ್ರೆಯ ಜಗಲಿಯಲ್ಲೇ ಮಲಗಿದವರ ಕಥೆಯನ್ನು ಅದೇ ಸಿಸ್ಟರ್ ಹೇಳಿದರು. ಈ ದೂರು ನನ್ನವರೆಗೆ ಬಂದಿರಲೇ ಇಲ್ಲ. ಅವರ ಲೆಕ್ಕದಲ್ಲಿ ಪ್ರಿಂಟರು ಅಂದರೆ ಹಾಗೆಯೇ.

ಇನ್ನೊಂದು ಸಂಗತಿಯೂ ಗೊತ್ತಾಯಿತು. "ಆಫ್‌ಲೈನ್ ಅಂತಿದೆ ಸರ್" ಎಂದು ದಿನಕ್ಕೆ ನಾಲ್ಕೈದು ಕರೆ ಬರುತ್ತಿತ್ತಲ್ಲ, ಆಗೆಲ್ಲ ಪ್ರಿಂಟರು ಚೆನ್ನಾಗಿಯೇ ಇರುತ್ತಿತ್ತು. ವಿಂಡೋಸಿನಲ್ಲಿ ಕೈಯಿಂದ ಟಿಸಿಪಿ/ಐಪಿ ಪೋರ್ಟ್, ಎಂದರೆ ಪ್ರಿಂಟರಿನ ವಿಳಾಸಕ್ಕೆ ಜೋಡಣೆ, ಮಾಡಿದಾಗ, ಪ್ರಿಂಟರಿನ ಸ್ಥಿತಿಯನ್ನು ಎಸ್‌ಎನ್‌ಎಂಪಿ ಮೂಲಕ ಕೇಳುವ ವ್ಯವಸ್ಥೆ ತಾನಾಗಿಯೇ ಆನ್ ಆಗಿರುತ್ತದೆ. ಪ್ರಿಂಟರಿನಲ್ಲಿ ಅದು ಆಫ್ ಇದ್ದರೆ, ಅಥವಾ ಎರಡೂ ಕಡೆ ಸಂಕೇತಪದ ಹೊಂದದಿದ್ದರೆ, ಉತ್ತರ ಬಾರದೆ ವಿಂಡೋಸು ಆ ಪ್ರಿಂಟರನ್ನು ಆಫ್‌ಲೈನ್ ಎಂದು ತೋರಿಸಿಬಿಡುತ್ತದೆ. ಇಷ್ಟು ದಿನ ನಾವು ಪ್ರತಿ ಸಲವೂ ಪ್ರಿಂಟರು ಆಫ್ ಮಾಡಿ ಆನ್ ಮಾಡಿ ಬರುತ್ತಿದ್ದೆವು.

ದಾರಿ ಆರಿಸಿಕೊಂಡದ್ದು

ದೊಡ್ಡ ಕಚೇರಿಗಳಲ್ಲಿ ಎಲ್ಲ ಪ್ರಿಂಟರುಗಳನ್ನೂ ನಿಭಾಯಿಸುವ ಒಂದು ಪ್ರಿಂಟ್ ಸರ್ವರ್ ಇಟ್ಟು, ಡೊಮೇನಿನ (ಎಲ್ಲ ಕಂಪ್ಯೂಟರುಗಳನ್ನೂ ಒಂದೇ ಕಡೆಯಿಂದ ಆಳುವ ವ್ಯವಸ್ಥೆ) ಗ್ರೂಪ್ ಪಾಲಿಸಿಯಿಂದ ಎಲ್ಲ ಕಂಪ್ಯೂಟರಿಗೂ ಪ್ರಿಂಟರು ಕಳಿಸುತ್ತಾರೆ. ನಮ್ಮಲ್ಲಿ ಡೊಮೇನ್ ಇರಲಿಲ್ಲ. 64 ಕಂಪ್ಯೂಟರುಗಳೂ ವರ್ಕ್‌ಗ್ರೂಪಿನಲ್ಲಿ ಬಿಡಿಬಿಡಿಯಾಗಿದ್ದವು. ಸರ್ವರ್ ಕೊಳ್ಳಲು ಹಣ ಕೇಳಬಹುದಿತ್ತು, ಆದರೆ ಇನ್ನೊಂದು ಅಳುಕೂ ಇತ್ತು. 2021ರ ಜುಲೈಯಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ಹೆಸರಿನಲ್ಲಿ ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿಟ್ಟು ಕಳಿಸುವ ವಿಂಡೋಸಿನ ಪ್ರಿಂಟ್ ಸ್ಪೂಲರಿನ ದೋಷ ಬಯಲಾಯಿತು. ಪ್ರಿಂಟರ್ ಡ್ರೈವರು ಹಾಕುವ ದಾರಿಯಲ್ಲೇ ಹೊರಗಿನವರು ಕಂಪ್ಯೂಟರಿನ ಪೂರ್ತಿ ಅಧಿಕಾರ ಹಿಡಿಯಬಹುದಿತ್ತು. ಅದೇ ಆಗಸ್ಟ್ ತಿಂಗಳ ಅಪ್‌ಡೇಟಿನಿಂದ, ಪ್ರಿಂಟ್ ಸರ್ವರಿನ ಮೂಲಕ ಡ್ರೈವರು ಇಳಿಸಿಕೊಳ್ಳಲು ಅಡ್ಮಿನಿಸ್ಟ್ರೇಟರ್ ಹಕ್ಕು ಬೇಕೇ ಬೇಕೆಂದಾಯಿತು. ರಾತ್ರಿ ಎರಡು ಗಂಟೆಗೆ ಐಸಿಯು ಸಿಸ್ಟರಿಗೆ ಅಡ್ಮಿನ್ ಪಾಸ್‌ವರ್ಡ್ ಕೇಳುವ ಕಿಟಕಿ ತೆರೆದುಕೊಂಡರೆ ಅವರು ಯಾರನ್ನು ಎಬ್ಬಿಸಬೇಕು?

ಹಾಗಾಗಿ ಪ್ರತಿ ಕಂಪ್ಯೂಟರಿಗೂ ಡ್ರೈವರನ್ನು ಮುಂಚೆಯೇ ಹಾಕಿ, ಪ್ರಿಂಟರಿನ ವಿಳಾಸಕ್ಕೆ ನೇರ ಜೋಡಿಸುವುದು, ಆ ಕೆಲಸವನ್ನು ಸ್ಕ್ರಿಪ್ಟಿನಿಂದ ಮಾಡುವುದು ಎಂದು ನಿಶ್ಚಯಿಸಿದೆ. ಪವರ್‌ಶೆಲ್ ಆರಿಸಿಕೊಂಡದ್ದಕ್ಕೆ ಕಾರಣ ಸರಳ: ಅದು ವಿಂಡೋಸಿನಲ್ಲಿ ಮೊದಲೇ ಇದೆ. 2012ರಲ್ಲಿ ಬಂದ ವಿಂಡೋಸ್ 8 ಮತ್ತು ಸರ್ವರ್ 2012ರಿಂದ ಈಚೆಗೆ ಪ್ರಿಂಟರು, ಪೋರ್ಟು, ಡ್ರೈವರುಗಳಿಗೆಂದೇ ಆಜ್ಞೆಗಳ ಒಂದು ಕಟ್ಟು ಅದರ ಜೊತೆಗೇ ಬರುತ್ತದೆ. ಪೈಥಾನ್ ನನಗೆ ಹೆಚ್ಚು ಕೈಪಳಗಿದ ಭಾಷೆ. ಆದರೆ 64 ಕಡೆ ಅದನ್ನೂ ಹಾಕಿ, ಮುಂದೆ ಅದನ್ನೂ ಕಾಯುತ್ತ ಕೂರುವುದು ಬೇಡವೆನಿಸಿತು. ಫಾರ್ಮಸಿ ಮತ್ತು ಸ್ಟೋರಿನಲ್ಲಿ ವಿಂಡೋಸ್ 7ರ ಏಳು ಹಳೆಯ ಕಂಪ್ಯೂಟರುಗಳಿದ್ದವು, ಅವುಗಳಲ್ಲಿ ಈ ಕಟ್ಟು ಇರುವುದಿಲ್ಲ. ಅಲ್ಲಿ ವಿಂಡೋಸಿನ ಜೊತೆಗೇ ಬರುವ ಹಳೆಯ ವಿಬಿಸ್ಕ್ರಿಪ್ಟ್ ಕಡತಗಳಿಂದ, ಪೋರ್ಟಿಗೊಂದು ಪ್ರಿಂಟರಿಗೊಂದು ಕರೆದು, ಕೆಲಸ ಸಾಗಿಸಿದೆವು.

ವಿಳಾಸ ಮೊದಲು ಗಟ್ಟಿಯಾಗಬೇಕಿತ್ತು. ರೂಟರಿನಲ್ಲೇ ಒಂದೊಂದು ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ (ತಯಾರಾದಾಗಲೇ ಯಂತ್ರಕ್ಕೆ ಬರುವ ಗುರುತು) ಐಪಿ ಕಾದಿರಿಸಬಹುದು. ಬಹಳ ಜನ ಹಾಗೆಯೇ ಮಾಡುತ್ತಾರೆ. ಆದರೆ ಭಾನುವಾರ ರಾತ್ರಿ ಮರೆತದ್ದು ಆ ರೂಟರೇ. ಅದು ಕೆಟ್ಟು ಬೇರೆ ತಂದಿಟ್ಟರೆ ಕಾದಿರಿಸಿದ್ದೂ ಹೋಗುತ್ತದೆ. ಪ್ರಿಂಟರಿನ ಪ್ಯಾನೆಲ್ಲಿನಲ್ಲೇ ಸ್ಥಿರ ವಿಳಾಸ ಹಾಕಿದೆವು: 192.168.10.21ರಿಂದ 31ರವರೆಗೆ, ಒಂದಕ್ಕೊಂದು. ರೂಟರು ಹಂಚುವ ವಿಳಾಸಗಳು 100ರಿಂದ ಮೇಲೆ ಶುರುವಾಗುವಂತೆ ಬದಲಿಸಿದೆವು, ಒಂದು ಇನ್ನೊಂದರ ಜಾಗಕ್ಕೆ ಕಾಲಿಡದ ಹಾಗೆ.

ಒಂದು ಕೋಷ್ಟಕ, ಅದರ ಸುತ್ತ ಮಾತುಕತೆ

ಸ್ಕ್ರಿಪ್ಟಿನೊಳಗೆ ಯಾವ ಪ್ರಿಂಟರಿನ ಹೆಸರನ್ನೂ ಬರೆಯಬಾರದು ಎಂದು ಮೊದಲ ದಿನವೇ ಹಟ ಹಿಡಿದಿದ್ದೆ. ಎಲ್ಲವೂ ಒಂದು ಸಿಎಸ್‌ವಿ ಕಡತದಲ್ಲಿ (ಅಲ್ಪವಿರಾಮ ಹಾಕಿ ಬರೆದ ಸರಳ ಕೋಷ್ಟಕ): ಪ್ರಿಂಟರಿನ ಹೆಸರು, ಐಪಿ ವಿಳಾಸ, ಡ್ರೈವರಿನ ಹೆಸರು, ಇರುವ ಜಾಗ, ಕಾಗದದ ಅಳತೆ, ಒಂದೇ ಬದಿಯೋ ಎರಡು ಬದಿಯೋ. ಹನ್ನೊಂದು ಸಾಲು. ಈ ಹನ್ನೊಂದು ಸಾಲು ತುಂಬಲು ಹತ್ತು ದಿನ ಹಿಡಿಯಿತು.

ಹೆಸರಿನಿಂದಲೇ ಚರ್ಚೆ ಶುರು. ಕನ್ನಡದಲ್ಲೇ ಹೆಸರಿಡಬೇಕೆಂಬುದು ನನ್ನ ಆಸೆ. ವಾರ್ಡಿನ ಆಯಾಗಳೂ ಹಾಳೆ ತರಲು ಹೋಗುತ್ತಾರೆ; "ಲ್ಯಾಬ್ ಪಕ್ಕದ ಪ್ರಿಂಟರ್" ಎಂದು ಪರದೆಯ ಮೇಲೂ ಪ್ರಿಂಟರಿನ ಮೇಲೂ ಒಂದೇ ರೀತಿ ಓದುವಂತಿದ್ದರೆ ಚೆನ್ನ. ವಿಂಡೋಸ್ ಇದಕ್ಕೆ ಅಡ್ಡಿ ಮಾಡುವುದಿಲ್ಲ. ತೊಡಕು ಬಂದದ್ದು ನಮ್ಮ ಹಳೆಯ ಬಿಲ್ಲಿಂಗ್ ತಂತ್ರಾಂಶದಿಂದ. ಅದು ಯುನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತಪದ್ಧತಿ) ಅರಿಯದ ಕಾಲದ್ದು, ಕನ್ನಡದ ಹೆಸರು ಅಲ್ಲಿ ಪ್ರಶ್ನೆ ಚಿಹ್ನೆಗಳ ಸಾಲಾಗಿ ಕಂಡಿತು. ಕೊನೆಗೆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಇಟ್ಟು, ಮಹಡಿಯ ಸಂಖ್ಯೆ ಮೊದಲು, ಜಾಗ ಆಮೇಲೆ ಬರುವಂತೆ ಮಾಡಿದೆವು. "ಜಾಗ" ಎಂಬ ಅಂಕಣದಲ್ಲಿ ಮಾತ್ರ ಕನ್ನಡ ಉಳಿಯಿತು. ಪ್ರಿಂಟ್ ಕೊಡುವ ಕಿಟಕಿಯಲ್ಲಿ ಪ್ರಿಂಟರನ್ನು ಆರಿಸಿದಾಗ ಆ ಜಾಗದ ವಿವರ ಕೆಳಗೆ ಕಾಣಿಸುತ್ತದೆ. ಪ್ರತಿ ಪ್ರಿಂಟರಿನ ಮುಂಭಾಗಕ್ಕೂ ಅದೇ ಹೆಸರು, ಅದೇ ಕನ್ನಡ ವಿವರ, ಐಪಿ ವಿಳಾಸ ಬರೆದ ಚೀಟಿ ಅಂಟಿಸಿದೆವು.

ಆ ಕನ್ನಡವೂ ಸುಲಭಕ್ಕೆ ಉಳಿಯಲಿಲ್ಲ. ಎಕ್ಸೆಲ್ಲಿನಲ್ಲಿ ತುಂಬಿದ ಕೋಷ್ಟಕವನ್ನು ಮಾಮೂಲಿ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆಗಳಾಗಿ ಬದಲಾಗುತ್ತದೆ, ಮತ್ತೆ ತೆರೆದರೆ ಮೂಲ ಅಕ್ಷರ ಸಿಗುವುದಿಲ್ಲ. ಯುಟಿಎಫ್-8 (ಯುನಿಕೋಡ್ ಬರೆಯುವ ಒಂದು ರೀತಿ) ಎಂದು ಬೇರೆಯೇ ಇರುವ ಸಿಎಸ್‌ವಿ ಆಯ್ಕೆಯಲ್ಲಿ ಉಳಿಸಬೇಕು. ಸ್ಕ್ರಿಪ್ಟಿನ ಕಡತದ್ದು ಇನ್ನೊಂದು ಕಥೆ. "ಮುಗಿಯಿತು", "ಪ್ರಿಂಟರ್ ಸಿಗಲಿಲ್ಲ" ಎಂಬ ಸಂದೇಶಗಳನ್ನು ನಾನು ಕನ್ನಡದಲ್ಲೇ ಬರೆದಿದ್ದೆ. ವಿಂಡೋಸಿನ ಜೊತೆ ಬರುವ ಪವರ್‌ಶೆಲ್ 5.1, ಕಡತದ ಮೊದಲಲ್ಲಿ ಬಿಒಎಂ ಎಂಬ ಗುರುತು ಇಲ್ಲದಿದ್ದರೆ ಅದನ್ನು ಹಳೆಯ ಸಂಕೇತಪದ್ಧತಿಯಲ್ಲಿ ಓದುತ್ತದೆ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಅಕ್ಷರಚಿಹ್ನೆಗೂ ಮೂರು ಬೈಟು. ಆ ಮೂರೂ ಬೇರೆ ಬೇರೆ ಚಿಹ್ನೆಗಳಾಗಿ ಒಡೆದು ಪರದೆ ತುಂಬ ಚೆಲ್ಲಿಕೊಂಡವು. ಬಿಒಎಂ ಸಹಿತ ಉಳಿಸಿದ ಮೇಲೆ ಸರಿಹೋಯಿತು. ಕನ್ನಡದಲ್ಲಿ ಸಂದೇಶ ಬರೆದದ್ದಕ್ಕೆ ಫಲವೂ ಸಿಕ್ಕಿತು. ಸಂಜೆ ಪಾಳಿಯ ಹುಡುಗ ಕೆಂಪು ಸಾಲು ಕಂಡರೆ ಫೋನು ಎತ್ತಿಕೊಳ್ಳುತ್ತಿದ್ದವನು, ಓದಿ ನೋಡಿ ತಾನೇ ಸರಿಮಾಡತೊಡಗಿದ.

ಕಾಗದದ ಅಂಕಣ ತುಂಬುವಾಗ ಇನ್ನೊಂದು ಹಳೆಯ ಕಿರಿಕಿರಿಯ ಬೇರು ಸಿಕ್ಕಿತು. ಕೆಲವು ಕಂಪ್ಯೂಟರಿನಿಂದ ಪ್ರಿಂಟ್ ಕೊಟ್ಟರೆ ಪ್ರಿಂಟರು ಹಾಳೆ ತುಂಬಿಸಿ ಎಂದು ಮಿನುಗುತ್ತ ನಿಲ್ಲುತ್ತಿತ್ತು, ಟ್ರೇ ತುಂಬ ಹಾಳೆ ಇದ್ದರೂ. ಆ ಕಂಪ್ಯೂಟರುಗಳಲ್ಲಿ ವಿಂಡೋಸಿನ ಪ್ರದೇಶವನ್ನು ಅಮೆರಿಕ ಎಂದೇ ಬಿಟ್ಟಿದ್ದರು, ಡ್ರೈವರು ಅಲ್ಲಿಯ ಲೆಟರ್ ಅಳತೆಯನ್ನು ಹಿಡಿದುಕೊಂಡಿತ್ತು. ಲೆಟರ್ ಎಂದರೆ 216 ಮತ್ತು 279 ಮಿಲಿಮೀಟರು. ನಮ್ಮ ಎ4 210 ಮತ್ತು 297. ಟ್ರೇಯಲ್ಲಿರುವುದು ಎ4, ಕೇಳುತ್ತಿರುವುದು ಲೆಟರು. ಕೋಷ್ಟಕದಲ್ಲಿ ಎಲ್ಲದಕ್ಕೂ ಎ4 ಎಂದು ಬರೆದು, ಪ್ರಿಂಟರು ಸೇರಿಸಿದ ಕೂಡಲೇ ಸೆಟ್-ಪ್ರಿಂಟ್‌ಕಾನ್ಫಿಗರೇಷನ್ ಆಜ್ಞೆಯಿಂದ ಅದನ್ನು ಹಾಕಿಸಿದೆವು.

ಎರಡು ಬದಿಯ ಪ್ರಶ್ನೆ ಮಾತ್ರ ತಾಂತ್ರಿಕವಾಗಿ ಉಳಿಯಲಿಲ್ಲ. ಕಾಗದ ಉಳಿಸಲು ಎಲ್ಲ ಕಡೆಯೂ ಎರಡೂ ಬದಿ ಅಚ್ಚಾಗಲಿ ಎಂದು ಆಡಳಿತದವರು ಹೇಳಿದರು, ನಾನೂ ತಲೆಯಾಡಿಸಿದ್ದೆ. ಕೋಷ್ಟಕದ ಕರಡು ನೋಡಿದ ಮೆಡಿಸಿನ್ ವಿಭಾಗದ ಹಿರಿಯ ಡಾಕ್ಟರು, ಡಿಸ್ಚಾರ್ಜ್ ಸಮ್ಮರಿ ಬರುವ ಮೂರು ಪ್ರಿಂಟರುಗಳ ಸಾಲಿನ ಮೇಲೆ ಬೆರಳಿಟ್ಟು ನಿಲ್ಲಿಸಿದರು. ಮೊದಲ ಪುಟದಲ್ಲಿ ಬರುವುದು ರೋಗದ ವಿವರ, ಪರೀಕ್ಷೆಗಳ ಫಲಿತಾಂಶ. ಮನೆಯಲ್ಲಿ ತೆಗೆದುಕೊಳ್ಳಬೇಕಾದ ಮಾತ್ರೆಗಳ ಪಟ್ಟಿ ಎರಡನೆಯ ಪುಟಕ್ಕೆ ಹೋಗುತ್ತದೆ. "ಹಿಂದೆ ತಿರುಗಿಸಿ ನೋಡದೆ ಸಕ್ಕರೆ ಮಾತ್ರೆ ಬಿಟ್ಟು ವಾಪಸ್ ಬಂದವರನ್ನ ನಾನು ನೋಡಿದ್ದೀನಿ. ಇದು ಎರಡು ಹಾಳೆಯಲ್ಲೇ ಬರಲಿ" ಎಂದರು. ಆ ಮೂರು ಸಾಲುಗಳಲ್ಲಿ ಒಂದೇ ಬದಿ ಎಂದು ಬರೆದೆವು. ಹಿಂದೆ ಇದು ಆಯಾ ಕಂಪ್ಯೂಟರಿನಲ್ಲಿ ಯಾರು ಹೇಗೆ ಬಿಟ್ಟಿದ್ದರೋ ಹಾಗೆ ನಡೆಯುತ್ತಿತ್ತು. ಯಾರೂ ತೀರ್ಮಾನಿಸಿರಲೇ ಇಲ್ಲ.

ಸ್ಕ್ರಿಪ್ಟ್ ಮಾಡುವ ಕೆಲಸ

ಕ್ರಮ ನೆಟ್ಟಗಿದೆ. ಮೊದಲು ಪಿಎನ್‌ಪಿಯುಟಿಲ್ ಎಂಬ ವಿಂಡೋಸಿನ ಸಾಧನದಿಂದ ಡ್ರೈವರಿನ ವಿವರವಿರುವ ಐಎನ್‌ಎಫ್ ಕಡತವನ್ನು ಡ್ರೈವರ್ ಸ್ಟೋರಿಗೆ (ವಿಂಡೋಸಿನ ಡ್ರೈವರುಗಳ ಉಗ್ರಾಣ) ಸೇರಿಸುವುದು. ಆಮೇಲೆ ಆ್ಯಡ್-ಪ್ರಿಂಟರ್‌ಡ್ರೈವರ್, ಆ್ಯಡ್-ಪ್ರಿಂಟರ್‌ಪೋರ್ಟ್, ಆ್ಯಡ್-ಪ್ರಿಂಟರ್ ಎಂಬ ಆಜ್ಞೆಗಳಿಂದ ಡ್ರೈವರು, ಪೋರ್ಟು, ಪ್ರಿಂಟರು ಸೇರಿಸುವುದು. ಕೊನೆಗೆ ಕಾಗದ ಮತ್ತು ಬದಿಯ ವ್ಯವಸ್ಥೆ. ಪ್ರತಿ ಹೆಜ್ಜೆಗೂ ಮುಂಚೆ ಅದು ಈಗಾಗಲೇ ಇದೆಯೇ ಎಂದು ನೋಡಿ, ಇದ್ದರೆ ಕೋಷ್ಟಕದಲ್ಲಿರುವುದಕ್ಕೆ ಹೋಲಿಸಿ, ಬೇರೆಯಿದ್ದರೆ ಮಾತ್ರ ಬದಲಿಸುವುದು. ಹೀಗೆ ಬರೆದರೆ ಅದನ್ನು ಹತ್ತು ಸಲ ಓಡಿಸಿದರೂ ಹತ್ತು ಕಾಪಿ ಹುಟ್ಟುವುದಿಲ್ಲ. ಎಲ್ಲೋ ಅರ್ಧಕ್ಕೆ ನಿಂತಿತೆಂದರೆ ಮತ್ತೆ ಓಡಿಸಿದರಾಯಿತು.

ಎಸ್‌ಎನ್‌ಎಂಪಿಯ ಕಾಟ ಇಲ್ಲಿ ತಾನಾಗಿಯೇ ತೀರಿತು. ಆ್ಯಡ್-ಪ್ರಿಂಟರ್‌ಪೋರ್ಟ್ ಆಜ್ಞೆಯಲ್ಲಿ ನಾವಾಗಿ ಕೇಳದ ಹೊರತು ಪೋರ್ಟಿಗೆ ಎಸ್‌ಎನ್‌ಎಂಪಿ ಹತ್ತುವುದಿಲ್ಲ. ಸುಳ್ಳು ಆಫ್‌ಲೈನ್ ಕರೆಗಳು ನಿಂತವು.

ನಮ್ಮನ್ನು ಒಂದಿಡೀ ಸಂಜೆ ಕಾಡಿದ್ದು ಡ್ರೈವರಿನ ಹೆಸರು. ಡ್ರೈವರು ಸ್ಟೋರಿಗೆ ಸೇರಿದೆ ಎಂದು ಪಿಎನ್‌ಪಿಯುಟಿಲ್ ಹೇಳುತ್ತಿದೆ, ಅಂಥ ಡ್ರೈವರೇ ಇಲ್ಲವೆಂದು ಆ್ಯಡ್-ಪ್ರಿಂಟರ್‌ಡ್ರೈವರ್ ಹೇಳುತ್ತಿದೆ. ಡಬ್ಬದ ಮೇಲಿರುವ ಹೆಸರು, ಕಂಪನಿಯ ಪುಟದಲ್ಲಿರುವ ಹೆಸರು ಇಲ್ಲಿ ನಡೆಯುವುದಿಲ್ಲ. ಐಎನ್‌ಎಫ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಉದ್ಧರಣ ಚಿಹ್ನೆಯೊಳಗೆ ಡ್ರೈವರಿನ ಹೆಸರು ಹೇಗಿದೆಯೋ ಹಾಗೇ ಎತ್ತಿಕೊಳ್ಳಬೇಕು. ಹಾಗೇ ಎತ್ತಿಕೊಂಡಿದ್ದೆ. ಆದರೂ ಆಗಲಿಲ್ಲ. ರಾತ್ರಿ ಎಂಟರ ಹೊತ್ತಿಗೆ ಕೋಷ್ಟಕದ ಆ ಮನೆಯ ಮೇಲೆ ಕರ್ಸರ್ ಇಟ್ಟು ಬಾಣದ ಕೀಲಿ ಒತ್ತುತ್ತ ಹೋದರೆ, ಹೆಸರು ಮುಗಿದ ಮೇಲೂ ಕರ್ಸರ್ ಒಂದು ಹೆಜ್ಜೆ ಮುಂದೆ ಹೋಯಿತು. ಕೊನೆಯಲ್ಲಿ ಒಂದು ಖಾಲಿ ಜಾಗ ಅಂಟಿಕೊಂಡಿತ್ತು. ಅಂದಿನಿಂದ, ಸಿಎಸ್‌ವಿ ಓದಿದ ಕೂಡಲೇ ಎಲ್ಲ ಮನೆಗಳ ಹಿಂದುಮುಂದಿನ ಖಾಲಿ ಜಾಗ ಕತ್ತರಿಸುವ ಸಾಲು ಸ್ಕ್ರಿಪ್ಟಿನ ಮೊದಲಲ್ಲೇ ಇದೆ.

ಮೊದಲ ಹತ್ತು ಕಂಪ್ಯೂಟರುಗಳಿಗೆ ಪೆನ್‌ಡ್ರೈವ್ ಹಿಡಿದು ನಡೆದೇ ಹೋದೆವು. ಸ್ಕ್ರಿಪ್ಟು ಎಲ್ಲಿ ಎಡವುತ್ತದೆ ಎಂಬುದನ್ನು ಆ ಕಂಪ್ಯೂಟರು ಬಳಸುವವರ ಪಕ್ಕದಲ್ಲೇ ನಿಂತು ನೋಡಬೇಕಿತ್ತು. ಆಮೇಲೆ ಪವರ್‌ಶೆಲ್ಲಿನ ರಿಮೋಟಿಂಗ್ ಆನ್ ಮಾಡಿ ನನ್ನ ಮೇಜಿನಿಂದಲೇ ಓಡಿಸಿದೆವು. ಆಸ್ಪತ್ರೆಯ ಕಂಪ್ಯೂಟರಿನ ಬಾಗಿಲು ಯಾರಿಗೆಂದರೆ ಅವರಿಗೆ ತೆರೆದಿರಬಾರದು. ರಿಮೋಟಿಂಗ್ ಬಳಸುವ 5985ನೇ ಪೋರ್ಟಿಗೆ ನನ್ನ ಒಂದೇ ಕಂಪ್ಯೂಟರಿನಿಂದ ಮಾತ್ರ ಪ್ರವೇಶ ಸಿಗುವಂತೆ ಪ್ರತಿ ಕಡೆಯೂ ಫೈರ್‌ವಾಲಿನಲ್ಲಿ ಕಟ್ಟಿದೆವು.

ರಿಮೋಟಿನಲ್ಲಿ ಮೊದಲ ಪ್ರಯತ್ನ ಡ್ರೈವರ್ ಸಿಗದೆ ನಿಂತಿತು. ಡ್ರೈವರುಗಳನ್ನು ನಾನು ಹಂಚಿಕೆಯ ಫೋಲ್ಡರಿನಲ್ಲಿಟ್ಟಿದ್ದೆ. ನನ್ನ ಗುರುತು ನನ್ನ ಮೇಜಿನಿಂದ ವಾರ್ಡಿನ ಕಂಪ್ಯೂಟರಿನವರೆಗೆ ಹೋಗುತ್ತದೆ, ಅಲ್ಲಿಂದ ಮುಂದೆ ಫೋಲ್ಡರಿರುವ ಮೂರನೇ ಕಂಪ್ಯೂಟರಿಗೆ ಹೋಗುವುದಿಲ್ಲ. ಭದ್ರತೆಗೆಂದೇ ಹಾಗೆ ಮಾಡಿದ್ದಾರೆ. ಅದನ್ನು ಸಡಿಲಿಸುವ ದಾರಿಗಳಿವೆ, ನಾನು ಅವುಗಳ ತಂಟೆಗೆ ಹೋಗಲಿಲ್ಲ. ಸೆಷನ್ ತೆರೆದು, ಕಾಪಿ-ಐಟಂ ಆಜ್ಞೆಯಿಂದ ಡ್ರೈವರಿನ ಫೋಲ್ಡರನ್ನು ಮೊದಲು ಆ ಕಂಪ್ಯೂಟರಿನೊಳಗೇ ಇಳಿಸಿ, ಅಲ್ಲಿಂದ ಹಾಕಿಸಿದೆ. ಕಂಪ್ಯೂಟರಿಗೆ ಎರಡು ಮೂರು ನಿಮಿಷ. ಕೈಯಿಂದ ಮಾಡುವಾಗ ಇಪ್ಪತ್ತು ನಿಮಿಷವಾದರೂ ಬೇಕಿತ್ತು.

ಎರಡು ತಪ್ಪು

ಮೊದಲನೆಯದು ಡೀಫಾಲ್ಟ್ ಪ್ರಿಂಟರಿನದು, ಎಂದರೆ ಬೇರೆ ಆರಿಸದಿದ್ದರೆ ಹಾಳೆ ಹೋಗುವ ಪ್ರಿಂಟರಿನದು. ಬುಧವಾರ ರಾತ್ರಿ ಇಡೀ ಎರಡನೇ ಮಹಡಿಗೆ ಸ್ಕ್ರಿಪ್ಟು ಓಡಿತು, ಲಾಗ್‌ನಲ್ಲಿ ಎಲ್ಲವೂ "ಮುಗಿಯಿತು". ಗುರುವಾರ ಬೆಳಗ್ಗೆ ಏಳಕ್ಕೇ ಫೋನು. ಪ್ರಿಂಟರುಗಳೆಲ್ಲ ಬಂದಿವೆ, ಆದರೆ ಒಂದೊಂದು ಕಂಪ್ಯೂಟರು ಒಂದೊಂದು ಕಡೆಗೆ ಕಳಿಸುತ್ತಿದೆ. ಪ್ರಿಂಟರು ಕಂಪ್ಯೂಟರಿಗೆ ಸೇರಿದ್ದು, ಡೀಫಾಲ್ಟ್ ಯಾವುದೆಂಬುದು ಲಾಗಿನ್ ಆದ ಬಳಕೆದಾರರಿಗೆ ಸೇರಿದ್ದು. ನಾನು ಅಡ್ಮಿನ್ ಖಾತೆಯಲ್ಲಿ ಇಟ್ಟ ಡೀಫಾಲ್ಟು ಸಿಸ್ಟರ್‌ಗಳ ಖಾತೆಗೆ ಬರುವುದೇ ಇಲ್ಲ. ಸಾಲದ್ದಕ್ಕೆ ವಿಂಡೋಸ್ 10ರಲ್ಲಿ, ಕೊನೆಗೆ ಬಳಸಿದ ಪ್ರಿಂಟರನ್ನೇ ತಾನಾಗಿ ಡೀಫಾಲ್ಟ್ ಮಾಡಿಕೊಳ್ಳುವ ವ್ಯವಸ್ಥೆಯೊಂದಿದೆ, ನವೆಂಬರ್ 2015ರ ಆವೃತ್ತಿಯಿಂದ. ಯಾರಾದರೂ ಒಮ್ಮೆ ಲ್ಯಾಬಿಗೆ ಪ್ರಿಂಟ್ ಕೊಟ್ಟರೆ ಮುಂದಿನದೂ ಲ್ಯಾಬಿಗೇ. ನಾವು ಯಾವ ಅನಾಹುತ ತಪ್ಪಿಸಲು ಹೊರಟಿದ್ದೆವೋ ಅದೇ ಬೇರೆ ದಾರಿಯಿಂದ ಒಳಗೆ ಬಂದಂತಾಗಿತ್ತು.

ಎರಡನೆಯ ಕೋಷ್ಟಕ ಹುಟ್ಟಿದ್ದು ಹೀಗೆ: ಎಡಕ್ಕೆ ಕಂಪ್ಯೂಟರಿನ ಹೆಸರು, ಬಲಕ್ಕೆ ಅದರ ಡೀಫಾಲ್ಟ್ ಪ್ರಿಂಟರು. ಲಾಗಿನ್ ಆದಾಗಲೆಲ್ಲ ಬಳಕೆದಾರರ ಖಾತೆಯಲ್ಲೇ ಓಡುವ ಹತ್ತು ಸಾಲಿನ ಸಣ್ಣ ಸ್ಕ್ರಿಪ್ಟು, ವಿಂಡೋಸಿನ ಸೆಟ್ಟಿಂಗುಗಳಿರುವ ರಿಜಿಸ್ಟ್ರಿಯಲ್ಲಿ ಆ ತಾನಾಗಿ ಬದಲಾಗುವ ವ್ಯವಸ್ಥೆಯನ್ನು ನಿಲ್ಲಿಸಿ, ಕೋಷ್ಟಕ ನೋಡಿ ಡೀಫಾಲ್ಟ್ ಹಾಕುತ್ತದೆ. ಯಾವ ಪಾಳಿಯವರು ಕೂತರೂ ಆ ಮೇಜಿನ ಹಾಳೆ ಆ ಮೇಜಿನ ಪ್ರಿಂಟರಿನಲ್ಲೇ ಬರುತ್ತದೆ.

ಎರಡನೆಯ ತಪ್ಪು ಪೂರ್ತಿ ನನ್ನದು. ಹಳೆಯ ಕಾಪಿ 1, ಕಾಪಿ 2ಗಳನ್ನು ತೆಗೆಯುವ ಭಾಗದಲ್ಲಿ, ಕೋಷ್ಟಕದಲ್ಲಿ ಇಲ್ಲದ್ದನ್ನೆಲ್ಲ ಅಳಿಸು ಎಂದು ಬರೆದಿದ್ದೆ. ಯುಎಸ್‌ಬಿಗೆ ಹಾಕಿದ ಬಾರ್‌ಕೋಡ್ ಪ್ರಿಂಟರು, ಫಾರ್ಮಸಿಯ ಡಾಟ್ ಮ್ಯಾಟ್ರಿಕ್ಸ್ ನೆನಪಿದ್ದವು, ಅವುಗಳನ್ನು ಹೊರಗಿಟ್ಟಿದ್ದೆ. ಪಿಡಿಎಫ್ ಮಾಡಿಕೊಡುವ ವಿಂಡೋಸಿನ ಪ್ರಿಂಟರೂ ಆ ಪಟ್ಟಿಯಲ್ಲಿ ಒಂದು ಪ್ರಿಂಟರೇ ಎಂಬುದು ಹೊಳೆಯಲಿಲ್ಲ. ವಿಮೆಯ ಮೇಜಿನವರು ಆಯುಷ್ಮಾನ್ ಮತ್ತು ಖಾಸಗಿ ವಿಮೆಯ ಕ್ಲೇಮಿಗೆ ಬೇಕಾದ ದಾಖಲೆಗಳನ್ನೆಲ್ಲ ಅದರಿಂದಲೇ ಪಿಡಿಎಫ್ ಮಾಡಿ ಮೇಲೇರಿಸುವುದು. ಶನಿವಾರ ಬೆಳಗ್ಗೆ ಅದು ಮಾಯ. ಅಂದು ನಾಲ್ಕು ರೋಗಿಗಳ ಬಿಡುಗಡೆ ಒಂದು ಗಂಟೆ ತಡವಾಯಿತು. ಅದರಲ್ಲೊಬ್ಬರು ಎರಡು ದಿನದ ಹಿಂದೆ ಹೆರಿಗೆಯಾದ ತಾಯಿ, ಕೂರಲೂ ಕಷ್ಟಪಡುತ್ತಿದ್ದರು.

ಅದನ್ನು ಮರಳಿ ತರುವುದು ಒಂದು ಸಾಲಿನ ಕೆಲಸ. ಡ್ರೈವರು ಅಲ್ಲೇ ಇರುತ್ತದೆ. ಅದೇ ಹೆಸರಿನಲ್ಲಿ ಆ್ಯಡ್-ಪ್ರಿಂಟರ್ ಕೊಟ್ಟು, ಪೋರ್ಟಿನ ಜಾಗದಲ್ಲಿ ಪೋರ್ಟ್‌ಪ್ರಾಂಪ್ಟ್ ಎಂದು ಬರೆದು ಕೊನೆಗೆ ವಿವರಣ ಚಿಹ್ನೆಯ ಎರಡು ಚುಕ್ಕಿ ಹಾಕಿದರೆ ಆಯಿತು. ಆದರೆ ಅಂದಿನಿಂದ ಅಳಿಸುವ ಭಾಗದ ನಿಯಮ ತಿರುಗಿತು. ಅಳಿಸಬೇಕಾದ ಹಳೆಯ ಹೆಸರುಗಳನ್ನು ಒಂದು ಪಟ್ಟಿಯಲ್ಲಿ ಬರೆದಿದ್ದರೆ ಮಾತ್ರ ಅಳಿಸುತ್ತದೆ, ಗೊತ್ತಿಲ್ಲದ್ದನ್ನು ಮುಟ್ಟುವುದಿಲ್ಲ. ಜೊತೆಗೆ, ಏನೇನು ಮಾಡಲಿದೆ ಎಂದು ಮೊದಲು ಬರೆದು ತೋರಿಸಿ ನಿಲ್ಲುವ ಒಂದು ಓಟ. ಆ ಪಟ್ಟಿಯನ್ನು ಹಗಲು ಹೊತ್ತಿನಲ್ಲಿ, ಆ ವಿಭಾಗದವರ ಜೊತೆ ಕೂತು ಓದಿದ ಮೇಲೆಯೇ ನಿಜವಾದ ಓಟ.

ಪರೀಕ್ಷೆ

ಲಾಗ್‌ನಲ್ಲಿ "ಮುಗಿಯಿತು" ಎಂದು ಬಂದರೆ ಪ್ರಿಂಟರು ಸೇರಿದೆ ಎಂದಷ್ಟೇ ಅರ್ಥ. ಹಾಳೆ ಸರಿಯಾದ ಜಾಗದಲ್ಲಿ ಬರುತ್ತದೆಂದು ಅರ್ಥವಲ್ಲ. ಅದಕ್ಕಾಗಿ ಪ್ರತಿ ಕಂಪ್ಯೂಟರಿನಿಂದ, ಅಲ್ಲಿ ಕೂರುವವರ ಖಾತೆಯಲ್ಲೇ, ಒಂದೊಂದು ಹಾಳೆ ಕಳಿಸಿದೆವು. ಹಾಳೆಯ ಮೇಲೆ ದೊಡ್ಡದಾಗಿ "ನಾನು ಇಂಥ ಕಂಪ್ಯೂಟರಿನಿಂದ ಬಂದೆ, ಇಂಥ ಪ್ರಿಂಟರಿಗೆ ಹೋಗಬೇಕು" ಎಂದು ಎರಡೇ ಸಾಲು. ವಾರ್ಡ್ ಬಾಯ್ ಒಬ್ಬರು ಮೂರೂ ಮಹಡಿ ಸುತ್ತಿ ಹಾಳೆಗಳನ್ನು ಆಯ್ದು ತಂದು, ಯಾವ ಪ್ರಿಂಟರಿನ ಮೇಲೆ ಸಿಕ್ಕಿತೆಂದು ಅದರ ಹಿಂದೆ ಪೆನ್ನಿನಲ್ಲಿ ಬರೆದರು. 64 ಹಾಳೆಗಳಲ್ಲಿ ಎರಡು ತಪ್ಪು ಜಾಗದಲ್ಲಿ ಸಿಕ್ಕವು. ಎರಡನೆಯ ಕೋಷ್ಟಕದಲ್ಲಿ ಎರಡು ಕಂಪ್ಯೂಟರುಗಳ ಹೆಸರು ನಾನು ಅದಲುಬದಲು ಬರೆದಿದ್ದೆ. ಸ್ಕ್ರಿಪ್ಟಿಗೆ ಅದು ತಪ್ಪೆಂದು ತಿಳಿಯುವ ಬಗೆಯೇ ಇಲ್ಲ, ನಡೆದು ನೋಡಿದ್ದರಿಂದ ಸಿಕ್ಕಿತು.

ಲ್ಯಾಬಿನ ಪ್ರಿಂಟರಿಗೆ ಇನ್ನೊಂದು ಕಟ್ಟು ಹಾಕಿದೆವು. ಲ್ಯಾಬಿನ ನಾಲ್ಕು ಕಂಪ್ಯೂಟರುಗಳಲ್ಲಿ ಬೇರೆ ಯಾವ ನೆಟ್‌ವರ್ಕ್ ಪ್ರಿಂಟರೂ ಕಾಣುವುದಿಲ್ಲ, ಲ್ಯಾಬಿನ ಪ್ರಿಂಟರು ಬೇರೆ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಮುಂಚೆ, ಒಂದು ಕೆಟ್ಟರೆ ಇನ್ನೊಂದಕ್ಕೆ ಕೊಡಬಹುದೆಂದು ಎಲ್ಲವನ್ನೂ ಎಲ್ಲರಿಗೂ ಹಾಕುತ್ತಿದ್ದೆವು. ಲ್ಯಾಬಿನವರಿಗೆ ಇದರಿಂದ ಅನುಕೂಲ ಕಡಿಮೆಯಾಯಿತು, ನಿಜ. ಹಿರಿಯ ಟೆಕ್ನಿಷಿಯನ್ ಮೇಡಂ ಮೊದಲು ಮುನಿಸಿಕೊಂಡರು. ಸೋಮವಾರದ ಘಟನೆ ನೆನಪಿಸಿದೆ. "ಹಂಗಾದ್ರೆ ಸ್ಪೇರ್ ಒಂದು ಇಲ್ಲೇ ಇಡಿ" ಎಂದರು. ಇಟ್ಟೆವು.

ಆಮೇಲೆ

ಈಗ ಹೊಸ ಕಂಪ್ಯೂಟರು ಬಂದರೆ ಅದಕ್ಕೊಂದು ಹೆಸರಿಟ್ಟು, ಎರಡನೆಯ ಕೋಷ್ಟಕಕ್ಕೆ ಒಂದು ಸಾಲು ಸೇರಿಸಿ ಓಡಿಸುತ್ತೇವೆ. ಕೆಲವು ಸಂಗತಿಗಳು ಬಾಕಿ ಇವೆ. ವಿಂಡೋಸ್ 7ರ ಏಳರಲ್ಲಿ ಮೂರು ಇನ್ನೂ ಇವೆ. ಅವುಗಳಿಗೆ ಆಸರೆಯಾದ ವಿಬಿಸ್ಕ್ರಿಪ್ಟನ್ನು ವಿಂಡೋಸಿನ ಮುಂದಿನ ಆವೃತ್ತಿಗಳಿಂದ ತೆಗೆಯುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಹೇಳಿದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಪ್ರಿಂಟರ್ ಕಂಪನಿಗಳು ಕೊಡುವ ಡ್ರೈವರುಗಳಿಗೆ ವಿಂಡೋಸ್ ಅಪ್‌ಡೇಟಿನ ಬೆಂಬಲವನ್ನು ಹಂತಹಂತವಾಗಿ ನಿಲ್ಲಿಸುವುದಾಗಿಯೂ ತಿಳಿಸಿತು. ಮುಂದಿನ ದಾರಿ ವಿಂಡೋಸಿನ ಜೊತೆಗೇ ಬರುವ ಐಪಿಪಿ ಡ್ರೈವರು; ಐಪಿಪಿ ಎಂಬ ಸಾಮಾನ್ಯ ಪ್ರಿಂಟಿಂಗ್ ಭಾಷೆ ತಿಳಿದ ಪ್ರಿಂಟರುಗಳಿಗೆಲ್ಲ ಅದೊಂದೇ ಸಾಕು. ನನ್ನ ಮೇಜಿನ ಕಂಪ್ಯೂಟರಿನಲ್ಲಿ ಅದನ್ನು ಹಾಕಿ ನೋಡುತ್ತಿದ್ದೇನೆ. ಡ್ರೈವರ್ ಹೆಸರಿನ ಆ ಅಂಕಣವೇ ಕೋಷ್ಟಕದಿಂದ ಹೋಗುವ ದಿನ ಬಂದರೆ ನನಗಂತೂ ಸಂತೋಷ.

ಕಳೆದ ಬೇಸಿಗೆಯಲ್ಲಿ ಒಂದು ಶನಿವಾರ ರಾತ್ರಿ ಹೆರಿಗೆ ವಾರ್ಡಿನ ಪ್ರಿಂಟರು ಸುಟ್ಟುಹೋಯಿತು. ನಾನು ಊರಲ್ಲಿರಲಿಲ್ಲ, ಅಕ್ಕನ ಮಗಳ ಮದುವೆ. ಸ್ಟೋರಿನಲ್ಲಿದ್ದದ್ದು ಬೇರೆ ಮಾದರಿಯ ಪ್ರಿಂಟರು. ಸಂಜೆ ಪಾಳಿಯ ಹುಡುಗ ಸುಟ್ಟ ಪ್ರಿಂಟರಿನ ಚೀಟಿಯಲ್ಲಿದ್ದ ವಿಳಾಸವನ್ನು ಹೊಸದರ ಪ್ಯಾನೆಲ್ಲಿನಲ್ಲಿ ಹಾಕಿದ. ಐಎನ್‌ಎಫ್ ಕಡತ ತೆರೆದು ಡ್ರೈವರಿನ ಹೆಸರು ಎತ್ತಿ ಕೋಷ್ಟಕದ ಆ ಒಂದು ಮನೆಯಲ್ಲಿ ಬರೆದ, ವಾರ್ಡಿನ ಐದು ಕಂಪ್ಯೂಟರಿಗೆ ಸ್ಕ್ರಿಪ್ಟು ಓಡಿಸಿದ, ಪರೀಕ್ಷೆಯ ಐದು ಹಾಳೆ ತಾನೇ ನಡೆದು ಹೋಗಿ ತಂದ. ಮರುದಿನ ಬೆಳಗ್ಗೆ ಧಾರೆಯ ಹೊತ್ತಿಗೆ ಅವನ ಫೋನು ಬಂತು. ಗಾಬರಿಯಿಂದಲೇ ಎತ್ತಿದೆ. "ಸರ್, ಹೆರಿಗೆ ವಾರ್ಡಿನ ಚೀಟಿ ಹಳೇ ಪ್ರಿಂಟರಿನ ಮೇಲೇ ಇದೆ, ಕಿತ್ತರೆ ಹರಿಯುತ್ತೆ. ಹೊಸದು ಪ್ರಿಂಟ್ ಹಾಕೋಕೆ ಅದರ ಫೈಲ್ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದ.